ಕನ್ನಡ ಬಾರದವರ ಮುಂದೆ ಕನ್ನಡದ ಹಾಡು

ಬೆಂಗಳೂರಿಗೆ ಬಹುಕಾಲ ಬ್ಯಾಂಡ್ ಸಂಗೀತ ಹೊರಗಿನಿಂದ ಒಳಕ್ಕೆ ಬರುತ್ತಿತ್ತು. ಮೇಖ್ರಿ ವೃತ್ತದ ಬದಿಯ ಅರಮನೆ ಮೈದಾನಕ್ಕೆ 2001ರಲ್ಲಿ ಡೀಪ್ ಪರ್ಪಲ್ ಬಂತು, 2003ರ ಏಪ್ರಿಲ್ 4ರಂದು ರೋಲಿಂಗ್ ಸ್ಟೋನ್ಸ್, 2007ರ ಮಾರ್ಚ್ 17ರಂದು ಐರನ್ ಮೇಡನ್. ಯಲಹಂಕ, ಕೊಡಿಗೇಹಳ್ಳಿ, ಹೆಬ್ಬಾಳದ ಕಡೆಯ ಹುಡುಗರಿಗೆ ಅರಮನೆ ಮೈದಾನವೆಂದರೆ ಬಳ್ಳಾರಿ ರಸ್ತೆಯಲ್ಲಿ ನೇರ ಒಂದೇ ಬಸ್ಸಿನ ದಾರಿ. ಕಪ್ಪು ಟೀ ಶರ್ಟು ಹಾಕಿಕೊಂಡು, ಟಿಕೆಟ್ಟಿಗೆ ಅಮ್ಮನ ಹತ್ತಿರ ಕಾಸು ಕೇಳಿ, ಅವರು ಹೋದರು, ಕುಣಿದರು, ಗಂಟಲು ಕಟ್ಟಿಸಿಕೊಂಡು ವಾಪಸ್ ಬಂದರು. ಬಂದವರಲ್ಲಿ ಕೆಲವರು ಗಿಟಾರು ಹಿಡಿದರು. ಹಿಡಿದವರೆಲ್ಲ ಮೊದಲು ನುಡಿಸಿದ್ದು ಆ ಪರದೇಶದವರ ಹಾಡುಗಳನ್ನೇ.

2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಅದರ ಮರುವರ್ಷದಿಂದ ಈ ಊರಿನ ಬ್ಯಾಂಡುಗಳು ಒಂದೊಂದಾಗಿ ಹೊರದೇಶಕ್ಕೆ ಹೊರಟವು. ಗಿಟಾರಿನ ಪೆಟ್ಟಿಗೆ, ಪಿಟೀಲು, ಗೆಜ್ಜೆ, ಬಣ್ಣಬಣ್ಣದ ಲುಂಗಿಗಳನ್ನು ತುಂಬಿಕೊಂಡ ಗಾಡಿಗಳು ಹೆಬ್ಬಾಳದ ಮೇಲ್ಸೇತುವೆ ಇಳಿದು, ನಮ್ಮ ಕೊಡಿಗೇಹಳ್ಳಿ ಗೇಟು ದಾಟಿ, ಉತ್ತರಕ್ಕೆ ಹೋದವು. ಹೋದ ಬ್ಯಾಂಡುಗಳಲ್ಲಿ ಅತಿ ಹೆಚ್ಚು ಕಿವಿಗಳನ್ನು ಗೆದ್ದದ್ದು ಇಂಗ್ಲಿಷಿನಲ್ಲಿ ಹಾಡಿದ ಬ್ಯಾಂಡಲ್ಲ. ಶಿಶುನಾಳದ ಶರೀಫಜ್ಜನ ಪದಗಳನ್ನು ಗಿಟಾರಿನ ಮೇಲೆ ಕೂರಿಸಿಕೊಂಡು ಹೋದ ಬ್ಯಾಂಡು. ಇದು ಆಕಸ್ಮಿಕವಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ. ಯಾಕೆ ಅಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಕನ್ನಡದ ಹಾಡು ಅದಕ್ಕೂ ಮೊದಲು ಕಡಲು ದಾಟಿರಲಿಲ್ಲ ಎಂದೇನೂ ಅಲ್ಲ. ನಮ್ಮ ಸುಗಮ ಸಂಗೀತದ ಗಾಯಕರು, ಸಿನಿಮಾ ಹಿನ್ನೆಲೆ ಗಾಯಕರು, ಜನಪದ ಕಲಾವಿದರು ಎಷ್ಟೋ ವರ್ಷಗಳಿಂದ ಅಮೆರಿಕ, ಇಂಗ್ಲೆಂಡ್, ಕೊಲ್ಲಿ ದೇಶಗಳಿಗೆ ಹೋಗಿಬರುತ್ತಿದ್ದಾರೆ. ಅವರನ್ನು ಕರೆಸಿಕೊಂಡವು ಅಲ್ಲಿನ ಕನ್ನಡ ಕೂಟಗಳು. ಅಮೆರಿಕದ ಕನ್ನಡ ಕೂಟಗಳ ಆಗರವಾದ 'ಅಕ್ಕ' ಎರಡು ವರ್ಷಕ್ಕೊಮ್ಮೆ ನಡೆಸುವ ಸಮ್ಮೇಳನವಂತೂ ಒಂದು ದೊಡ್ಡ ಜಾತ್ರೆ. ಕಲಾವಿದರು ಯಾರದೋ ಮನೆಯಲ್ಲಿ ಉಳಿದುಕೊಳ್ಳುತ್ತಾರೆ, ಮನೆಯಾಕೆ ಬಿಸಿಬೇಳೆಭಾತು ಮಾಡಿ ಬಡಿಸುತ್ತಾರೆ, ಶಾಲೆಯ ಸಭಾಂಗಣದಲ್ಲೋ ದೇವಸ್ಥಾನದ ಹಾಲಿನಲ್ಲೋ ಕಾರ್ಯಕ್ರಮ. ಹಾಡು ಶುರುವಾಗುವ ಮೊದಲೇ ಅರ್ಧ ಸಭೆಯ ಕಣ್ಣು ತುಂಬಿರುತ್ತದೆ. ಊರಿನ ನೆನಪು ಗಾಯಕರ ಅರ್ಧ ಕೆಲಸವನ್ನು ಮಾಡಿಕೊಟ್ಟಿರುತ್ತದೆ. ಆ ಸಭೆಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಪರದೇಶದಲ್ಲಿ ಬೆಳೆದ ಮಕ್ಕಳ ಬಾಯಲ್ಲಿ ಕನ್ನಡ ಉಳಿದಿದ್ದರೆ ಅದರಲ್ಲಿ ಈ ಕೂಟಗಳ ಪಾಲು ದೊಡ್ಡದು. ಆದರೆ ಬ್ಯಾಂಡುಗಳು ಹೋಗಿ ನಿಂತ ಜಾಗ ಬೇರೆ. ಅಲ್ಲಿ ಎದುರಿಗಿದ್ದವರಿಗೆ ಇವರ ಭಾಷೆ ಬಾರದು, ಇವರ ಊರು ಗೊತ್ತಿಲ್ಲ, ಇವರ ಹೆಸರು ಕೇಳಿಲ್ಲ. ಮೊದಲ ಎರಡು ನಿಮಿಷ ಹಿಡಿಸದಿದ್ದರೆ ಪಕ್ಕದ ವೇದಿಕೆಗೆ ನಡೆದುಬಿಡುತ್ತಾರೆ.

ಅಂಥ ಅಪರಿಚಿತರ ಮುಂದೆ ನಿಲ್ಲುವ ಧೈರ್ಯ ನಮ್ಮ ನಾಡಿಗೆ ಹೊಸದಾಗಿರಲಿಲ್ಲ. ಶಿವರಾಮ ಕಾರಂತರು ಯಕ್ಷಗಾನವನ್ನು ಹೊರದೇಶಗಳಿಗೆ ಕೊಂಡೊಯ್ದಾಗ ಮಾತನ್ನು ಬಿಟ್ಟು ಕುಣಿತ, ಬಣ್ಣ, ರಾಗಗಳ ಮೇಲೆ ಆಟವನ್ನು ನಿಲ್ಲಿಸಿದರು. ಪಿಟೀಲು, ಸ್ಯಾಕ್ಸೊಫೋನನ್ನು ಹಿಮ್ಮೇಳಕ್ಕೆ ತಂದರು. ಊರಲ್ಲಿ ಅದಕ್ಕೆ ಬೈದವರೂ ಇದ್ದರು. ಬೆಂಗಳೂರಿನಲ್ಲೇ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಇನ್ನೊಂದು ದಾರಿ ಹಿಡಿಯಿತು. ಮಣಿಯವರ ಮೃದಂಗ, ಅವರ ಪತ್ನಿ ಆರ್.ಎ. ರಮಾಮಣಿ ಅವರ ಕಂಠ, ಜೊತೆಗೆ ಘಟ, ಮೋರ್ಚಿಂಗು. ಈ ಪುಟ್ಟ ತಂಡ ಎಂಬ್ರಿಯೋ, ಡಿಸಿಡೆಂಟನ್ ಎಂಬ ಜರ್ಮನ್ ಬ್ಯಾಂಡುಗಳೊಂದಿಗೆ ನುಡಿಸಿತು. 1983ರಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 'ಜ್ಯೋತಿ' ಎಂಬ ಆಲ್ಬಮ್ ಮಾಡಿತು. ಹೊರತಂದದ್ದು ಇಸಿಎಂ, ಜಾಝ್ ಲೋಕದಲ್ಲಿ ಅತ್ಯಂತ ಮಾನ್ಯವಾದ ರೆಕಾರ್ಡ್ ಕಂಪನಿಗಳಲ್ಲಿ ಒಂದು. ಯೂರೋಪಿನ ಜಾಝ್ ಬಲ್ಲವರಿಗೆ ಬೆಂಗಳೂರಿನ ಹೆಸರು ಐಟಿಯಿಂದ ಪರಿಚಯವಾಗುವ ಮೊದಲೇ ತಾಳದ ಸೊಲ್ಲುಗಳನ್ನು ಬಾಯಲ್ಲೇ ನುಡಿಯುವ ಕೊನ್ನಕೋಲಿನಿಂದ ಪರಿಚಯವಾಗಿತ್ತು. ಕೊನ್ನಕೋಲಿಗೆ ಅನುವಾದ ಬೇಕಿಲ್ಲ ತಾನೆ. ಏಳರ ಲೆಕ್ಕ ಕೇಳುವವನ ಮೈಯಲ್ಲಿ ಹೇಗೋ ಇಳಿಯುತ್ತದೆ. ಮಣಿ ದಂಪತಿಯ ಈ ಕೆಲಸಕ್ಕೆ ಕನ್ನಡದ ಪತ್ರಿಕೆಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲವೆಂಬ ಕೊರಗು ನನಗಿದೆ.

ಈಗ 2009ಕ್ಕೆ ಬರೋಣ. ಆ ವರ್ಷ ಬ್ರಿಟಿಷ್ ಕೌನ್ಸಿಲ್ 'ಸೌಂಡ್‌ಪ್ಯಾಡ್' ಎಂಬ ಯೋಜನೆಯಡಿ ಭಾರತದ ನಾಲ್ಕು ಬ್ಯಾಂಡುಗಳನ್ನು ಆರಿಸಿತು. ರೇಡಿಯೋಹೆಡ್, ಸ್ಟೋನ್ ರೋಸಸ್ ಬ್ಯಾಂಡುಗಳ ಆಲ್ಬಮ್ಮುಗಳನ್ನು ರೂಪಿಸಿದ ಜಾನ್ ಲೆಕಿ ಆ ನಾಲ್ವರ ಹಾಡುಗಳನ್ನು ರೆಕಾರ್ಡ್ ಮಾಡಿದರು. ಬ್ಯಾಂಡುಗಳು ಬ್ರಿಟನ್ನಿಗೂ ಹೋಗಿ ನುಡಿಸಿಬಂದವು. ನಾಲ್ಕರಲ್ಲಿ ಒಂದು ನಮ್ಮ ಸ್ವರಾತ್ಮ. ಮುಖ್ಯ ಗಾಯಕ ವಾಸು ದೀಕ್ಷಿತ್ ಮೈಸೂರಿನವರು. ಜಾತ್ರೆಗಳಲ್ಲಿ ಕುಣಿಯುವ ಕೀಲುಕುದುರೆಯನ್ನು ಸೊಂಟಕ್ಕೆ ಕಟ್ಟಿಕೊಂಡು ರಾಕ್ ವೇದಿಕೆಗೆ ಬರುವುದು ಅವರ ಗುರುತು. ಆ ಯೋಜನೆಯ ಬ್ಯಾಂಡುಗಳು ಹೋದ ಊರುಗಳಲ್ಲಿ ಬ್ರೈಟನ್ ಒಂದು. ಅಲ್ಲಿನ 'ಗ್ರೇಟ್ ಎಸ್ಕೇಪ್' ಉತ್ಸವದ ಸ್ವಭಾವವೇ ಹಾಗೆ: ಸಣ್ಣ ಸಣ್ಣ ಪಬ್ಬು, ಕ್ಲಬ್ಬುಗಳಲ್ಲಿ ಇನ್ನೂ ಹೆಸರಾಗದ ನೂರಾರು ಬ್ಯಾಂಡುಗಳು. ಕೇಳುವವರಲ್ಲಿ ಉತ್ಸವಗಳಿಗೆ ಬ್ಯಾಂಡು ಹುಡುಕುವ ಏಜೆಂಟರು, ಪತ್ರಕರ್ತರು. ನಿಂತುಕೊಂಡೇ ಕೇಳಬೇಕು. ಹತ್ತಿರ ಎಂದರೆ ಗಾಯಕನ ಬೆವರು ಕಾಣುವಷ್ಟು ಹತ್ತಿರ.

ವಾಸು ಅವರ ಅಣ್ಣ ರಘು ದೀಕ್ಷಿತ್. ಅವರ ಕಥೆ ಕನ್ನಡಿಗರಿಗೆ ಹೆಚ್ಚು ಪರಿಚಿತ. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂಎಸ್ಸಿ ಚಿನ್ನದ ಪದಕ, ಭರತನಾಟ್ಯದ ಗಟ್ಟಿ ಅಭ್ಯಾಸ. ಗಿಟಾರು ಕೈಗೆ ಬಂದದ್ದು ಕಾಲೇಜಿನ ದಿನಗಳಲ್ಲಿ. ಔಷಧ ಸಂಶೋಧನೆಯ ಕೆಲಸಕ್ಕೆಂದು ಬೆಲ್ಜಿಯಂಗೆ ಹೋಗಿದ್ದಾಗ ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಬಿತ್ತರವಾಯಿತು. ಭಾಷೆ ಗೊತ್ತಿಲ್ಲದವರೂ ತನ್ನ ಹಾಡು ಕೇಳುತ್ತಾರೆಂಬ ಧೈರ್ಯ ಅಲ್ಲಿ ಬಂತು, ಕೆಲಸ ಬಿಟ್ಟು ಊರಿಗೆ ಮರಳಿದರು. ಅಂತರಾಗ್ನಿ ಎಂಬ ಬ್ಯಾಂಡು ಕಟ್ಟಿದರು, ಅದು ನಿಂತಿತು. ಮುಂದೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಆಯಿತು. ವರ್ಷಗಟ್ಟಲೆ ರೆಕಾರ್ಡ್ ಕಂಪನಿಗಳು ಬೇಡವೆಂದ ಮೇಲೆ, ಮುಂಬೈಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಜೋಡಿಯ ಬೆಂಬಲದಿಂದ 2008ರಲ್ಲಿ ಮೊದಲ ಆಲ್ಬಮ್ ಹೊರಬಂತು. ಹಿಂದಿ ಇತ್ತು, ಇಂಗ್ಲಿಷ್ ಇತ್ತು, ಶರೀಫರ ಎರಡು ಪದಗಳಿದ್ದವು: ಒಂದು ಗುಡಗುಡಿ ಸೇದುವುದರ ಬಗ್ಗೆ, ಇನ್ನೊಂದು ಸೋರುವ ಮನೆಯ ಬಗ್ಗೆ.

2010ರ ನವೆಂಬರಿನಲ್ಲಿ ಬಿಬಿಸಿಯ 'ಲೇಟರ್... ವಿತ್ ಜೂಲ್ಸ್ ಹಾಲಂಡ್' ಕಾರ್ಯಕ್ರಮಕ್ಕೆ ಈ ಬ್ಯಾಂಡಿಗೆ ಕರೆ ಬಂತು. ಆ ಸ್ಟುಡಿಯೋದ ವ್ಯವಸ್ಥೆಯನ್ನು ಗಮನಿಸಬೇಕು. ಅಲ್ಲಿ ದೊಡ್ಡವರಿಗೊಂದು, ಚಿಕ್ಕವರಿಗೊಂದು ಎಂದು ಬೇರೆ ಬೇರೆ ವೇದಿಕೆ ಇಲ್ಲ. ಆ ವಾರದ ಎಲ್ಲ ಬ್ಯಾಂಡುಗಳೂ ಒಂದೇ ದೊಡ್ಡ ಕೋಣೆಯಲ್ಲಿ ವೃತ್ತಾಕಾರವಾಗಿ ತಮ್ಮ ವಾದ್ಯಗಳೊಂದಿಗೆ ನಿಂತಿರುತ್ತವೆ. ಒಬ್ಬರು ಹಾಡುವಾಗ ಉಳಿದವರೆಲ್ಲ ನೋಡುತ್ತಿರುತ್ತಾರೆ. ಕ್ಯಾಮೆರಾ ಒಂದು ಬ್ಯಾಂಡಿನಿಂದ ಇನ್ನೊಂದಕ್ಕೆ ತಿರುಗುತ್ತದೆ. ಜಗತ್ತೇ ಬಲ್ಲ ಗಾಯಕರು ಕೈಕಟ್ಟಿ ನೋಡುತ್ತಿರುವಾಗ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಹಾಡಬೇಕು. ಮತ್ತೊಂದು ಟೇಕ್ ಸಿಗುವ ಸಿನಿಮಾ ಹಾಡಲ್ಲ ಅದು. ಕಾರ್ಯಕ್ರಮ ಬಿತ್ತರವಾದ ಮೇಲೆ ಆಲ್ಬಮ್ ಬ್ರಿಟನ್ನಿನ ಐಟ್ಯೂನ್ಸ್‌ನ ವಿಶ್ವಸಂಗೀತ ಪಟ್ಟಿಯ ತುದಿಗೇರಿತು. 2011ರಲ್ಲಿ 'ಸಾಂಗ್‌ಲೈನ್ಸ್' ಪತ್ರಿಕೆ ಉತ್ತಮ ಹೊಸ ಪ್ರತಿಭೆಯ ಪ್ರಶಸ್ತಿ ಕೊಟ್ಟಿತು. ಅದೇ ಬೇಸಗೆಯಲ್ಲಿ ಗ್ಲಾಸ್ಟನ್‌ಬರಿ: ಸಾಮರ್ಸೆಟ್ಟಿನ ಒಂದು ಹಸು ಸಾಕುವ ತೋಟದಲ್ಲಿ 1970ರಿಂದ ನಡೆದುಬಂದ, ಒಂದು ನಗರದಷ್ಟು ಜನ ಗುಡಾರ ಹಾಕಿಕೊಂಡು ಉಳಿಯುವ ಉತ್ಸವ.

ಶರೀಫರ ಪದ ಅಲ್ಲಿ ಯಾಕೆ ನಿಂತಿತು? ಹೊಸತನಕ್ಕೆ, ಬಣ್ಣದ ಬಟ್ಟೆಗೆ ಜನ ಮರುಳಾದರು ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಬಣ್ಣದ ಬಟ್ಟೆ ಮೊದಲ ಎರಡು ನಿಮಿಷಕ್ಕೆ ಸಾಕು, ಮುಕ್ಕಾಲು ಗಂಟೆಗೆ ಸಾಲದು. ತತ್ವಪದದ ಕಟ್ಟೋಣದಲ್ಲೇ ಉತ್ತರವಿದೆ. ಶರೀಫರು (1819–1889) ಹಾಡಿದ್ದು ಓದು ಬರಹ ಬಲ್ಲವರ ಸಭೆಗಲ್ಲ. ಕಟ್ಟೆಯ ಮೇಲೆ, ಮಠದ ಅಂಗಳದಲ್ಲಿ, ಏಕತಾರಿ, ದಮ್ಮಡಿ ಹಿಡಿದವರ ನಡುವೆ ಆ ಪದಗಳು ಹುಟ್ಟಿದವು. ಮುಂದಿನವನು ನುಡಿ ಹೇಳುತ್ತಾನೆ, ಹಿಂದಿನವರು ಪಲ್ಲವಿ ಎತ್ತಿಕೊಳ್ಳುತ್ತಾರೆ. ಅರ್ಥ ಪೂರ್ತಿ ಆಗದವನಿಗೂ ಪಲ್ಲವಿಯಲ್ಲಿ ಒಂದು ಜಾಗ ಇಟ್ಟಿರುತ್ತಾರೆ. ಇಂಗ್ಲೆಂಡಿನ ಹುಲ್ಲುಗಾವಲಿನಲ್ಲಿ ನಿಂತ ಜನ ತಮಗೇ ಗೊತ್ತಿಲ್ಲದೆ ಆ ಹಿಂದಿನ ಸಾಲಿನವರಾದರು. ಒಂದು ಸಲ ಕೇಳಿ, ಎರಡನೇ ಸಲ ಗುನುಗಿ, ಮೂರನೇ ಸಲ ಕೈ ತಟ್ಟಿ ಸೇರಿಕೊಳ್ಳುವ ವ್ಯವಸ್ಥೆಯನ್ನು ಶಿಶುನಾಳದ ಅಜ್ಜ ಒಂದೂಕಾಲು ಶತಮಾನದ ಹಿಂದೆಯೇ ಮಾಡಿಟ್ಟಿದ್ದರು. ಅದಕ್ಕೆ ರಘು ಸೇರಿಸಿದ್ದು ಗಿಟಾರು ಮತ್ತು ಡ್ರಮ್ಸಿನ ವೇಗ, ಭರತನಾಟ್ಯ ಕಲಿತ ಮೈಯ ಚುರುಕು, ಹಾಡಿಗೆ ಮುಂಚೆ ಅದರ ಕಥೆಯನ್ನು ಸರಳವಾಗಿ ಹೇಳುವ ರೂಢಿ. ಸಿ. ಅಶ್ವಥ್ ಇದೇ ಪದಗಳನ್ನು ಕ್ಯಾಸೆಟ್ಟಿನ ಕಾಲದಲ್ಲಿ ನಾಡಿನ ಮನೆಮನೆಗೆ ಮುಟ್ಟಿಸಿದ್ದರು. ಮುಟ್ಟಿಸುವ ಆ ಶಕ್ತಿ ಪದದೊಳಗೇ ಇತ್ತು.

ಇದೇ ಮಾತನ್ನು ತಿರುಗಿಸಿ ನೋಡಿ. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಬರೆದು ಹಾಡುವ ಅದ್ಭುತ ಬ್ಯಾಂಡುಗಳಿವೆ. 1996ರಲ್ಲಿ ಹುಟ್ಟಿದ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್‌ನ ಕಸುಬುದಾರಿಕೆಯ ಮುಂದೆ ನಿಲ್ಲುವ ಬ್ಯಾಂಡು ದೇಶದಲ್ಲೇ ವಿರಳ. ಆದರೆ ಲಂಡನ್ನಿನ ಒಬ್ಬ ಏಜೆಂಟನಿಗೆ ಅಂಥ ಬ್ಯಾಂಡು ತನ್ನೂರಿನ ಸಾವಿರ ಬ್ಯಾಂಡುಗಳ ಸಾಲಿನಲ್ಲಿ ಇನ್ನೊಂದಾಗಿ ಕಾಣುತ್ತದೆ. ಸಾವಿರದಲ್ಲಿ ಒಂದನ್ನು ಐದು ಸಾವಿರ ಮೈಲಿಯಾಚೆಯಿಂದ ತರಿಸುವ ಖರ್ಚು ಅವನಿಗೆ ಯಾಕೆ ಬೇಕು? ಇದಕ್ಕೆ ಅಪವಾದ ಮೆಟಲ್ ಸಂಗೀತ. ಮೆಟಲ್ ಕೇಳುವವರದು ದೇಶಗಳನ್ನು ಮೀರಿದ ಒಂದು ಕುಲ. ಜಪಾನಿನ, ಬ್ರೆಜಿಲ್ಲಿನ, ಬೆಂಗಳೂರಿನ ಬ್ಯಾಂಡುಗಳನ್ನು ಅವರು ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. 1998ರಲ್ಲಿ ಇಲ್ಲಿ ಶುರುವಾದ ಕ್ರಿಪ್ಟೋಸ್ 2010ರಲ್ಲಿ ಯೂರೋಪ್ ಪ್ರವಾಸಕ್ಕೆ ಹೋದಾಗ ಭಾರತದ ಮೆಟಲ್ ಬ್ಯಾಂಡುಗಳಿಗೆ ಆ ದಾರಿ ತೀರಾ ಹೊಸದು. 2013ರಲ್ಲಿ ಅದೇ ಬ್ಯಾಂಡು ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿತು. ವಾಕನ್ ಎಂಬುದು ಸುಮಾರು ಎರಡು ಸಾವಿರ ಜನರ ಹಳ್ಳಿ. ಉತ್ಸವದ ದಿನಗಳಲ್ಲಿ ಅಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರುತ್ತಾರೆ.

ಮೊದಲ ಪ್ರವಾಸ ಎಂದರೆ ಹೊರಗಿನವರ ಕಣ್ಣಿಗೆ ವಿಮಾನ, ವೇದಿಕೆ, ಚಪ್ಪಾಳೆ. ಒಳಗಿನವರಿಗೆ ಅದು ಬಹುಪಾಲು ತೂಕ ಮತ್ತು ಕಾಗದಪತ್ರದ ಕೆಲಸ. ಸಾಮಾನ್ಯ ಟಿಕೆಟ್ಟಿನಲ್ಲಿ ತಲೆಗೆ 23 ಕಿಲೋ ಸಾಮಾನು ಎಂದುಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಚೀಲಗಳನ್ನಿಟ್ಟು, ಡ್ರಮ್ಮರನ ಸಿಂಬಲ್ಲನ್ನು ಗಾಯಕನ ಬಟ್ಟೆಗಳ ನಡುವೆ, ಕೇಬಲ್ಲುಗಳನ್ನು ಮ್ಯಾನೇಜರನ ಚೀಲದಲ್ಲಿ, ಮಾರಲು ಒಯ್ಯುವ ಸಿಡಿಗಳನ್ನು ಎಲ್ಲರ ಚೀಲದಲ್ಲೂ ಹಂಚಿ ಹಾಕುತ್ತಾರೆ. ದೊಡ್ಡ ಆಂಪ್ಲಿಫೈಯರು, ಡ್ರಮ್ ಸೆಟ್ಟು ಅಲ್ಲೇ ಬಾಡಿಗೆಗೆ ಸಿಗುತ್ತವೆ. ತಬಲಾ, ಮೃದಂಗ ಸಿಗುವುದಿಲ್ಲ. ಅವನ್ನು ಒಯ್ಯಲೇಬೇಕು. ಒಯ್ದ ಮೇಲೆ ಚರ್ಮದ ವಾದ್ಯಗಳ ಪಾಡು ಬೇರೆ. ಒಣ ಚಳಿಗೆ ಮುಚ್ಚಿಗೆ ಬಿಗಿದುಕೊಳ್ಳುತ್ತದೆ, ಶ್ರುತಿ ಮೇಲಕ್ಕೇರುತ್ತದೆ. ಮಳೆಯ ತಂಪಿಗೆ ಸಡಿಲಾಗಿ ಕೆಳಗಿಳಿಯುತ್ತದೆ. ಮೃದಂಗದ ಎಡಬದಿಗೆ ಮೆತ್ತಿದ ರವೆಯ ಹಿಟ್ಟು, ಹೀಟರ್ ಹಾಕಿದ ಕೋಣೆಯಲ್ಲಿ ಕಾರ್ಯಕ್ರಮ ಮುಗಿಯುವ ಮೊದಲೇ ಒಣಗಿ ಬಿರುಕು ಬಿಡುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು ನೀರು ಇಟ್ಟುಕೊಂಡೇ ಕೂರಬೇಕು. ನಮ್ಮ ಮನೆಗಳ ಗುಂಡು ಪಿನ್ನಿನ ಪ್ಲಗ್ಗು ಹಳೆಯ ಬ್ರಿಟಿಷರದೇ ಮಾದರಿ. ಅವರು 1947ರಲ್ಲಿ ಚೌಕ ಪಿನ್ನಿಗೆ ಬದಲಾದರು, ನಾವು ಹಳೆಯದನ್ನೇ ಇಟ್ಟುಕೊಂಡೆವು. ಅಡಾಪ್ಟರ್ ಮರೆತ ಬ್ಯಾಂಡಿಗೆ ಅಲ್ಲಿ ಭಾನುವಾರ ಬೆಳಿಗ್ಗೆ ಅಂಗಡಿ ಹುಡುಕುವ ಕೆಲಸ.

ಬೆಲೆಬಾಳುವ ವಾದ್ಯಗಳಿಗೆ ಎಟಿಎ ಕಾರ್ನೆ ಎಂಬ ದಾಖಲೆ ಮಾಡಿಸುವುದು ಕ್ರಮ. ಭಾರತದಲ್ಲಿ ಅದನ್ನು ಕೊಡುವುದು ವಾಣಿಜ್ಯೋದ್ಯಮ ಸಂಸ್ಥೆಗಳ ಒಕ್ಕೂಟವಾದ ಫಿಕ್ಕಿ (ಎಫ್‌ಐಸಿಸಿಐ). ಪ್ರತಿ ವಾದ್ಯದ ಹೆಸರು, ಸಂಖ್ಯೆ, ಬೆಲೆ ಬರೆದಿರುತ್ತದೆ. ಹೋಗುವಾಗ, ಬರುವಾಗ ಕಸ್ಟಮ್ಸ್‌ನವರು ಮುದ್ರೆ ಒತ್ತುತ್ತಾರೆ. ಹೋದದ್ದೆಲ್ಲ ವಾಪಸ್ ಬರಬೇಕು, ಬರದಿದ್ದರೆ ಸುಂಕ ಕಟ್ಟಬೇಕು. ಇನ್ನು ವೀಸಾ. ಬ್ರಿಟನ್ನಿನಲ್ಲಿ ಕೆಲವು ದೊಡ್ಡ ಉತ್ಸವಗಳನ್ನು ಸರ್ಕಾರವೇ ಪಟ್ಟಿ ಮಾಡಿದೆ, ಅವುಗಳಿಗೆ ಬರುವ ಕಲಾವಿದರಿಗೆ ಪರ್ಮಿಟ್ಟಿನ ಗೋಜು ಕಡಿಮೆ. ಆದರೆ ಎರಡು ಉತ್ಸವಗಳ ನಡುವೆ ಒಂದು ಕ್ಲಬ್ಬಿನಲ್ಲಿ ಹಾಡಿ ಪೆಟ್ರೋಲ್ ಖರ್ಚು ಹುಟ್ಟಿಸಿಕೊಳ್ಳೋಣ ಎಂದರೆ ಪ್ರಾಯೋಜಕರು, ಪ್ರಮಾಣಪತ್ರ ಎಂದು ಬೇರೆಯೇ ಓಡಾಟ ಶುರು.

ಇಷ್ಟಾದ ಮೇಲೆ ದುಡ್ಡು ಉಳಿಯುತ್ತದೆಯೇ? ಮೊದಲ ಪ್ರವಾಸಗಳಲ್ಲಿ ಸಾಮಾನ್ಯವಾಗಿ ಇಲ್ಲ. ಒಬ್ಬ ಗಾಯಕ ಹೋಗುವುದಕ್ಕೂ ಬ್ಯಾಂಡು ಹೋಗುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಬಾಧಿಸುತ್ತದೆ. ಆರು ಜನ ನುಡಿಸುವವರು, ಒಬ್ಬ ಸೌಂಡ್ ಎಂಜಿನಿಯರು, ಒಬ್ಬ ಮ್ಯಾನೇಜರು ಎಂದರೆ ಎಂಟು ಟಿಕೆಟ್ಟು, ಎಂಟು ವೀಸಾ, ಎಂಟು ಹಾಸಿಗೆ. ಆದರೆ ಹೊಸ ಬ್ಯಾಂಡಿಗೆ ಮಧ್ಯಾಹ್ನದ ಬಿಸಿಲಲ್ಲಿ ಕೊಡುವ ಸಂಭಾವನೆ ಒಂದೇ. ಅದರಲ್ಲಿ ಏಜೆಂಟರ ಕಮಿಷನ್ ಕಳೆಯಬೇಕು. ಬ್ರಿಟನ್ನಿನಲ್ಲಿ ಹೊರದೇಶದ ಕಲಾವಿದರ ಹಣದಿಂದ ತೆರಿಗೆಯನ್ನು ಮೂಲದಲ್ಲೇ ಹಿಡಿದುಕೊಳ್ಳುವ ನಿಯಮವೂ ಇದೆ. ಹಾಗಾಗಿ ಕಾರ್ಯಕ್ರಮ ಮುಗಿದ ಕೂಡಲೇ ಗಾಯಕ ಬೆವರು ಒರೆಸಿಕೊಂಡು ವೇದಿಕೆಯ ಪಕ್ಕದ ಮೇಜಿಗೆ ಓಡುವುದು. ಅಲ್ಲಿ ಸಿಡಿ, ಟೀ ಶರ್ಟು ಮಾರಬೇಕು, ಸಹಿ ಹಾಕಬೇಕು, ಕೈಕುಲುಕಬೇಕು. ಪ್ರವಾಸಿ ಬ್ಯಾಂಡುಗಳ ಪೆಟ್ರೋಲು, ರಾತ್ರಿಯೂಟ ಎಷ್ಟೋ ಸಲ ಆ ಮೇಜಿನಿಂದಲೇ ಹೊರಡುತ್ತದೆ. ಸರ್ಕಾರದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು (ಐಸಿಸಿಆರ್), ಬ್ರಿಟಿಷ್ ಕೌನ್ಸಿಲಿನಂಥ ಸಂಸ್ಥೆಗಳು ಟಿಕೆಟ್ಟಿನ ಖರ್ಚು ಹೊತ್ತರೆ ಮಾತ್ರ ಮೊದಲ ದಾರಿ ತೆರೆಯುತ್ತದೆ. ಸೌಂಡ್‌ಪ್ಯಾಡ್‌ನಂಥ ಯೋಜನೆಯ ಬೆಲೆ ಇರುವುದು ಇಲ್ಲೇ.

ನಷ್ಟವಾದರೂ ಹೋಗುವುದು ಯಾಕೆ ಎಂಬುದಕ್ಕೆ ಜಗತ್ತಿನ ಅತಿ ಪ್ರಸಿದ್ಧ ಬ್ಯಾಂಡಿನ ಮೊದಲ ಪರದೇಶ ಪ್ರವಾಸವೇ ಸಾಕ್ಷಿ. ಬೀಟಲ್ಸ್ ಎಂದರೆ ನಮಗೆ 1964ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಇಳಿದದ್ದು, ಟಿವಿಯಲ್ಲಿ ಏಳು ಕೋಟಿ ಮೂವತ್ತು ಲಕ್ಷ ಜನ ನೋಡಿದ್ದು ನೆನಪಾಗುತ್ತದೆ. ಅವರು ಮೊದಲು ಕಡಲು ದಾಟಿದ್ದು 1960ರ ಆಗಸ್ಟಿನಲ್ಲಿ, ಜರ್ಮನಿಯ ಹ್ಯಾಂಬರ್ಗಿಗೆ. ಆಗ ಅವರನ್ನು ಲಿವರ್‌ಪೂಲಿನಲ್ಲೇ ಹೆಚ್ಚು ಜನ ಬಲ್ಲವರಿರಲಿಲ್ಲ. ಇಂದ್ರ ಎಂಬ ಕ್ಲಬ್ಬಿನಲ್ಲಿ ರಾತ್ರಿಗೆ ನಾಲ್ಕೂವರೆ ಗಂಟೆ, ಶನಿವಾರ ಆರು ಗಂಟೆ ನುಡಿಸಬೇಕು. ಮಲಗಲು ಒಂದು ಸಿನಿಮಾ ಮಂದಿರದ ಪರದೆಯ ಹಿಂದಿನ, ಕಿಟಕಿಯಿಲ್ಲದ ಉಗ್ರಾಣ. ಎದುರಿಗಿದ್ದವರು ಬಂದರಿನ ನಾವಿಕರು, ಕುಡುಕರು, ಇವರ ಇಂಗ್ಲಿಷು ಅರ್ಥವಾಗದವರು. ಮಾಲೀಕ ಪ್ರತಿ ರಾತ್ರಿ ಕೂಗಿಕೊಳ್ಳುತ್ತಿದ್ದ, ಸುಮ್ಮನೆ ನಿಂತು ನುಡಿಸಬೇಡಿ, ಜನರಿಗೆ ಏನಾದರೂ ತೋರಿಸಿ ಎಂದು. ಬರುತ್ತಿದ್ದ ಹಾಡುಗಳು ಖಾಲಿಯಾದವು, ಒಂದೊಂದನ್ನು ಎಳೆದು ಹಿಗ್ಗಿಸಿ ನುಡಿಸಿದರು, ಹೊಸದನ್ನು ಕಲಿತರು. ನವೆಂಬರಿನಲ್ಲಿ ಜಾರ್ಜ್ ಹ್ಯಾರಿಸನ್‌ಗೆ ಇನ್ನೂ ಹದಿನೇಳು ವರ್ಷ ಎಂದು ಗೊತ್ತಾಗಿ ಪೊಲೀಸರು ದೇಶದಿಂದ ಹೊರಹಾಕಿದರು. ಆದರೆ ಹಿಂತಿರುಗಿದ ಬ್ಯಾಂಡನ್ನು ಕೇಳಿದ ಲಿವರ್‌ಪೂಲಿನ ಜನ ಬೆಚ್ಚಿಬಿದ್ದರು. ಹೋದವರು ಹುಡುಗರು, ಬಂದದ್ದು ಬ್ಯಾಂಡು.

ಇತ್ತೀಚಿನದ್ದೂ ಅದೇ ಕಥೆ. ಕೊಡಿಗೇಹಳ್ಳಿಯ ಟ್ಯೂಷನ್ನಿಗೆ ಹೋಗುವ ಹೆಣ್ಣುಮಕ್ಕಳ ಮೊಬೈಲ್ ಕವರಿನ ಮೇಲೆಲ್ಲ ಇರುವ ಬಿಟಿಎಸ್ ಬ್ಯಾಂಡು, 2014ರ ಜುಲೈಯಲ್ಲಿ ಅಮೆರಿಕದಲ್ಲಿ ಹಾಡಿದ್ದು ಲಾಸ್ ಏಂಜಲೀಸಿನ ಒಂದು ಸಣ್ಣ ಕ್ಲಬ್ಬಿನಲ್ಲಿ, ಸುಮಾರು ಇನ್ನೂರು ಜನರ ಮುಂದೆ, ಟಿಕೆಟ್ಟಿಲ್ಲದೆ. ಕೊರಿಯನ್ ಭಾಷೆಯಲ್ಲೇ ಹಾಡಿದರು.

ನಮ್ಮೂರಿನ ಕೊರತೆ ನನಗೆ ಕಾಣುವುದು ಇಲ್ಲೇ. ಅಪರಿಚಿತರ ಮುಂದೆ ನಿಲ್ಲುವ ಅಭ್ಯಾಸ ಹೊರದೇಶದಲ್ಲಿ ಶುರುವಾಗಬಾರದು, ಪಕ್ಕದ ಬಡಾವಣೆಯಲ್ಲಿ ಶುರುವಾಗಬೇಕು. ಅದಕ್ಕೆ ಸಣ್ಣ ವೇದಿಕೆಗಳು ಬೇಕು. ಬೆಂಗಳೂರಿನಲ್ಲಿ ಡ್ಯಾನ್ಸ್ ಬಾರುಗಳನ್ನು ಹದ್ದುಬಸ್ತಿಗೆ ತರಲೆಂದು ಮಾಡಿದ 2005ರ ಸಾರ್ವಜನಿಕ ಮನರಂಜನಾ ಸ್ಥಳಗಳ ಪರವಾನಗಿ ಆದೇಶದ ಬಲೆಯಲ್ಲಿ, ಮೂಲೆಯಲ್ಲಿ ಗಿಟಾರು ಹಿಡಿದು ಕೂತವನೂ ಸಿಕ್ಕಿಬಿದ್ದ. 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಪೊಲೀಸರು ಪರವಾನಗಿ ಕೇಳತೊಡಗಿದಾಗ ನಗರದ ಎಷ್ಟೋ ಕಡೆ ಹಾಡು ನಿಂತಿತು. ಹೊಸ ಬ್ಯಾಂಡುಗಳಿಗೆ ಮನೆಯಂತಿದ್ದ ಇಂದಿರಾನಗರದ ಹಮ್ಮಿಂಗ್ ಟ್ರೀ 2019ರಲ್ಲಿ ಬಾಗಿಲು ಹಾಕಿತು. 2025ರ ಫೆಬ್ರವರಿ 9ರಂದು ಚರ್ಚ್ ಸ್ಟ್ರೀಟಿನ ಬದಿಯಲ್ಲಿ ಹಾಡುತ್ತಿದ್ದ ಎಡ್ ಶೀರನ್ ಅವರ ಮೈಕಿನ ವೈರನ್ನು ಪೊಲೀಸರು ಕಿತ್ತದ್ದು ಜಗತ್ತಿನ ಸುದ್ದಿಯಾಯಿತು. ನಮ್ಮ ಹುಡುಗರಿಗೆ ಅಂಥದ್ದು ಯಾವ ಸುದ್ದಿಯೂ ಆಗದೆ ನಡೆಯುತ್ತಿರುತ್ತದೆ. ಉತ್ತರ ಬೆಂಗಳೂರಿನ ಪರಿಸ್ಥಿತಿ ಇನ್ನೂ ಬಿಗಿ. ಇಲ್ಲಿ ದೊಡ್ಡ ಮೈದಾನಗಳಿವೆ, ಮದುವೆ ಮಂಟಪಗಳಿವೆ, ಗಣೇಶನ ಪೆಂಡಾಲುಗಳಿವೆ. ಇನ್ನೂರು ಜನ ಕೂತು ಹೊಸ ಹಾಡು ಕೇಳುವ ಒಂದು ಕೋಣೆಗೆ ನಾಗವಾರವನ್ನೋ ಮಲ್ಲೇಶ್ವರವನ್ನೋ ದಾಟಿ ಹೋಗಬೇಕು. ಬಡಾವಣೆಗೊಂದು ಅಂಥ ಕೋಣೆ, ಅದಕ್ಕೆ ಸುಲಭದ ಒಂದು ಪರವಾನಗಿ, ರಾತ್ರಿ ಹತ್ತಕ್ಕೆ ಮುಗಿಸುವ ಕಟ್ಟುಪಾಡು. ಪಾಲಿಕೆಯ ಸಮುದಾಯ ಭವನಗಳು ವಾರದ ಬಹುಪಾಲು ಬೀಗ ಹಾಕಿಕೊಂಡೇ ಇರುವಾಗ ಇದು ದೊಡ್ಡ ಬೇಡಿಕೆಯೇನೂ ಅಲ್ಲ.

ನಮ್ಮ ಬೀದಿಯ ಮೂರನೇ ಮಹಡಿಯ ಮೇಲೆ ಶೀಟು ಹೊದಿಸಿದ ಒಂದು ರೂಮಿದೆ. ಅಲ್ಲಿ ಐವರು ಹುಡುಗರು ಅಭ್ಯಾಸ ಮಾಡುತ್ತಾರೆ. ಕಿಟಕಿಗೆ ಹಳೇ ಹಾಸಿಗೆ ಒತ್ತಿಟ್ಟಿದ್ದಾರೆ, ಆದರೂ ಅಕ್ಕಪಕ್ಕದವರು ಒಂದೆರಡು ಸಲ ಗೊಣಗಿದ್ದಾರೆ. ಕೊಡಿಗೇಹಳ್ಳಿ ಸ್ಟೇಷನ್ನಿನಲ್ಲಿ ರೈಲು ಹಾರ್ನ್ ಹಾಕಿದರೆ ರೆಕಾರ್ಡಿಂಗು ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾರೆ. ಅವರಲ್ಲೊಬ್ಬ ಒಂದು ದಿನ ಕಾಂಪೌಂಡಿನ ಹತ್ತಿರ ನಿಲ್ಲಿಸಿ ಕೇಳಿದ, "ಅಂಕಲ್, ಇಂಗ್ಲಿಷ್ ಹಾಡು ಮಾಡಿದ್ರೆ ತಾನೇ ಫಾರಿನ್ ಟೂರ್ ಸಿಗೋದು?" ಮೇಲೆ ಬರೆದದ್ದನ್ನೆಲ್ಲ ಅವನಿಗೆ ಅಲ್ಲೇ ನಿಂತು ಹೇಳಿದೆ, ಶರೀಫರಿಂದ ಹಿಡಿದು ಹ್ಯಾಂಬರ್ಗಿನ ತನಕ. ಪೂರ್ತಿ ಕೇಳಿಸಿಕೊಂಡ. "ನಮ್ಮಜ್ಜಿ ಸೋಬಾನೆ ಪದ ಹೇಳ್ತಾರೆ ಅಂಕಲ್. ಅದಕ್ಕೆ ಬೇಸ್ ಹಾಕಿ ನೋಡ್ಲಾ?" ಅಂದ. ಅಜ್ಜಿ ಮಾಗಡಿ ಕಡೆಯವರಂತೆ. ಹಾಕಿ ನೋಡು, ಆದರೆ ಮೊದಲು ಅಜ್ಜಿಯ ಜೊತೆ ಕೂತು ಪೂರ್ತಿ ಕಲಿ, ಪಲ್ಲವಿ ಯಾರು ಯಾವಾಗ ಎತ್ತಿಕೊಳ್ಳುತ್ತಾರೆ ಅನ್ನುವುದನ್ನು ಗಮನವಿಟ್ಟು ನೋಡು ಎಂದೆ.

ಈಗ ಅವರಿಗೆ ತುಮಕೂರಿನ ಒಂದು ಕಾಲೇಜಿನ ಉತ್ಸವದಲ್ಲಿ ಇಪ್ಪತ್ತು ನಿಮಿಷ ಸಿಕ್ಕಿದೆ. ಸೌಂಡ್ ಚೆಕ್ ಇಲ್ಲ, ಪ್ರತಿ ವಾದ್ಯದ ಸದ್ದು ಬರುತ್ತಿದೆಯೇ ಎಂದು ನೋಡುವ ಲೈನ್ ಚೆಕ್ಕು ಮಾತ್ರ, ಅದೂ ಸಿಕ್ಕರೆ. ಅದಕ್ಕೇ ವಾರದಿಂದ ಹಾಡಿನ ಜೊತೆಗೆ ಇನ್ನೊಂದನ್ನೂ ಅಭ್ಯಾಸ ಮಾಡುತ್ತಿದ್ದಾರೆ: ಚೀಲ ಬಿಚ್ಚಿ, ಕೇಬಲ್ ಸಿಕ್ಕಿಸಿ, ಶ್ರುತಿ ಮಾಡಿ, ಮೊದಲ ಹಾಡಿಗೆ ಸಿದ್ಧವಾಗಿ ನಿಲ್ಲುವುದು. ಒಬ್ಬ ಮೊಬೈಲಿನಲ್ಲಿ ಸಮಯ ನೋಡುತ್ತಾನೆ. ನಿನ್ನೆ ಹನ್ನೊಂದು ನಿಮಿಷ ಹಿಡಿಯಿತು. ಎಂಟಕ್ಕೆ ಇಳಿಸಿದರೆ ಅಜ್ಜಿಯ ಪದಕ್ಕೆ ಜಾಗ ಸಿಗುತ್ತದೆ ಎಂಬುದು ಅವರ ಲೆಕ್ಕ.